ಹಿಮನಾಡಿನ ರೆಸಾರ್ಟ್: ಬಿಸಿಗಿಂತ ನೀರಿನದೇ ದೊಡ್ಡ ಲೆಕ್ಕ

ಪ್ರಶ್ನೆ: ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆಯೇ ಮುಚ್ಚಿಹೋಗುವ ಕಾಡುಮೇಡಿನಲ್ಲಿ, ಡೀಸೆಲ್ ಜನರೇಟರನ್ನೇ ನೆಚ್ಚಿಕೊಳ್ಳದೆ, ಪರಿಸರಕ್ಕೆ ಹೊರೆಯಾಗದಂತೆ ರೆಸಾರ್ಟ್ ನಡೆಸುವುದು ನಿಜಕ್ಕೂ ಸಾಧ್ಯವೇ?

ಉತ್ತರ: ಸಾಧ್ಯ. ಆದರೆ ಹೀಗೆ ಕೇಳುವವರಲ್ಲಿ ಹೆಚ್ಚಿನವರ ಚಿಂತೆಯೆಲ್ಲ ಕೋಣೆಗಳನ್ನು ಬೆಚ್ಚಗಿಡುವುದರ ಬಗ್ಗೆ ಇರುತ್ತದೆ. ನನ್ನ ಮಟ್ಟಿಗೆ ಅದು ಬಹುಪಾಲು ಬಗೆಹರಿದ ಸಮಸ್ಯೆ.

ಲೇಹ್ ಸಮೀಪದ ಫೇ ಎಂಬಲ್ಲಿರುವ ಸೆಕ್ಮೋಲ್ ಶಿಕ್ಷಣ ಸಂಸ್ಥೆಯ ಮಣ್ಣಿನ ಕಟ್ಟಡಗಳು ದಕ್ಷಿಣಕ್ಕೆ ಮುಖ ಮಾಡಿವೆ. ಡಿಸೆಂಬರಿನ ಸೂರ್ಯ ಅಲ್ಲಿ ನಡುಮಧ್ಯಾಹ್ನವೂ ದಿಗಂತದಿಂದ ಸುಮಾರು 32 ಡಿಗ್ರಿಯಷ್ಟೇ ಮೇಲೇರುವುದರಿಂದ ಬಿಸಿಲು ಕೋಣೆಯ ಆಳದವರೆಗೆ ಬೀಳುತ್ತದೆ; ಹಗಲು ಹೀರಿಕೊಂಡ ಶಾಖವನ್ನು ದಪ್ಪ ಗೋಡೆಗಳು ರಾತ್ರಿ ಬಿಟ್ಟುಕೊಡುತ್ತವೆ. ಚಳಿಗಾಲಕ್ಕೆಂದು ದಕ್ಷಿಣದ ಗೋಡೆಗೆ ಪಾಲಿಥಿನ್ ಹಾಳೆಯ ಹಸಿರುಮನೆಯನ್ನು ಜೋಡಿಸಿ, ಬೇಸಿಗೆಯಲ್ಲಿ ತೆಗೆದಿಡುತ್ತಾರೆ. ಲಡಾಖಿನಲ್ಲಿ ಬಿಸಿಲಿಗೆ ಬರವಿಲ್ಲ, ನಿಜ. ವಾರಗಟ್ಟಲೆ ಮೋಡ ಕವಿಯುವ ಕಡೆ ಈ ಉಪಾಯವೊಂದೇ ಸಾಲದು. ಅಲ್ಲಿ ಗೋಡೆ, ನೆಲ, ಚಾವಣಿಗಳಿಗೆ ದಪ್ಪನೆಯ ಶಾಖನಿರೋಧಕ ಪದರ ಹಾಕಿ, ಗಾಳಿ ಸೋರುವ ಸಂದುಗಳನ್ನು ಮುಚ್ಚಿ, ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರ ಅಳವಡಿಸಬೇಕು. ಚಾವಣಿಯಿಂದ ಶಾಖ ಸೋರಿದರೆ ಇಂಧನ ನಷ್ಟವಾಗುವುದಷ್ಟೇ ಅಲ್ಲ, ಮೇಲಿನ ಹಿಮ ಕರಗಿ ಸೂರಿನಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿ, ಅದರ ಹಿಂದೆ ನಿಂತ ನೀರು ಮನೆಯೊಳಗೇ ಇಳಿಯುತ್ತದೆ.

ನಿಜವಾದ ಕಷ್ಟ ನೀರಿನದು. ಸುತ್ತಲೂ ಹಿಮವಿರುವಾಗ ನೀರಿಗೇನು ಕೊರತೆ ಎನಿಸಬಹುದು, ಆದರೆ ಒಂದು ಕಿಲೋ ಹಿಮವನ್ನು ಕರಗಿಸಲು ಬೇಕಾಗುವ ಶಾಖದಿಂದ ಆ ಕರಗಿದ ನೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು. ಅತಿಥಿಯೊಬ್ಬರಿಗೆ ದಿನಕ್ಕೆ 100 ಲೀಟರ್ ಎಂದಿಟ್ಟುಕೊಂಡರೆ ಕರಗಿಸುವುದಕ್ಕೇ 9 ಯೂನಿಟ್‌ಗೂ ಮಿಕ್ಕಿ ವಿದ್ಯುತ್ ಬೇಕು. ಸ್ನಾನಕ್ಕೆ ಕಾಯಿಸುವ ಖರ್ಚು ಬೇರೆ. ಸ್ವಿಟ್ಜರ್ಲೆಂಡಿನ ಜರ್ಮಾಟ್ ಬಳಿ 2,883 ಮೀಟರ್ ಎತ್ತರದಲ್ಲಿ 2009ರಲ್ಲಿ ತೆರೆದ ಮಾಂಟೆ ರೋಸಾ ತಂಗುಮನೆಯ ವಿನ್ಯಾಸಕಾರರು ಇದನ್ನರಿತೇ, ಬೇಸಿಗೆಯಲ್ಲಿ ಹಿಮನದಿಯಿಂದ ತಾನಾಗಿ ಹರಿಯುವ ನೀರನ್ನು ಕಟ್ಟಡಕ್ಕಿಂತ ಎತ್ತರದ ಬಂಡೆಯೊಳಗಿನ ತೊಟ್ಟಿಯಲ್ಲಿ ಕೂಡಿಟ್ಟು ಉಳಿದ ತಿಂಗಳುಗಳಿಗೆ ಬಳಸುವ ಏರ್ಪಾಡು ಮಾಡಿದರು. ಬಳಸಿದ ನೀರನ್ನು ಅಲ್ಲೇ ಶುದ್ಧೀಕರಿಸಿ ಶೌಚಾಲಯಕ್ಕೆ ಹರಿಸುತ್ತಾರೆ.

ಬಳಸಿದ ಮೇಲಿನ ಪಾಡು ಇನ್ನೊಂದು. ಕೊರೆಯುವ ಚಳಿಯಲ್ಲಿ ಮಲವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಹೆಚ್ಚುಕಡಿಮೆ ಕೆಲಸವನ್ನೇ ನಿಲ್ಲಿಸುವುದರಿಂದ, ಬಯಲಿನಲ್ಲಿ ಹೂತ ಸೆಪ್ಟಿಕ್ ಟ್ಯಾಂಕನ್ನು ನಂಬುವಂತಿಲ್ಲ. ಲಡಾಖಿ ಮನೆಗಳ ಒಣ ಶೌಚಾಲಯದಲ್ಲಿ ಮೇಲಿನಿಂದ ಮಣ್ಣು, ಬೂದಿ ಸುರಿಯುತ್ತಾರೆ, ಕೆಳಗಿನ ಕೋಣೆಯಲ್ಲಿ ಗೊಬ್ಬರವಾದದ್ದು ಹೊಲಕ್ಕೆ ಹೋಗುತ್ತದೆ. ಅತಿಥಿಗಳು ಮೂಗು ಮುರಿದಾರೆಂದು ಅದನ್ನು ತಳ್ಳಿಹಾಕುವುದು ಅವಸರದ ನಿರ್ಧಾರ.

ಆದ್ದರಿಂದ ಎಷ್ಟು ಕೋಣೆ ಎಂಬುದನ್ನು ಚಳಿಗಾಲದಲ್ಲಿ ಸಿಗುವ ನೀರು ತೀರ್ಮಾನಿಸಲಿ, ಸಾಲದ ಕಂತು ಬೇಡ. ಅತಿ ಚಳಿಯ ಕೆಲವು ತಿಂಗಳು ಬಾಗಿಲು ಹಾಕುವುದೂ ವಿನ್ಯಾಸದೊಳಗೇ ಬರಬೇಕು: ಮಾಂಟೆ ರೋಸಾ ಕೂಡ ವರ್ಷವಿಡೀ ಅತಿಥಿಗಳಿಗೆ ಊಟೋಪಚಾರ ನಡೆಸುವುದಿಲ್ಲ. ಮುಚ್ಚುವ ದಿನ ಒಂದೇ ವಾಲ್ವ್ ತೆರೆದರೆ ನೀರೆಲ್ಲ ಬಸಿದುಹೋಗುವಂತೆ ಪೈಪುಗಳನ್ನು ಇಳಿಜಾರಾಗಿ ಹಾಕಿಸಿ. ಇಲ್ಲದಿದ್ದರೆ ಒಳಗುಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಪೈಪು ಒಡೆಯುತ್ತದೆ, ಅದು ಗೊತ್ತಾಗುವುದು ವಸಂತದಲ್ಲಿ.