ಅರಮನೆಯನ್ನು ಪುಸ್ತಕಗಳಿಗೆ ಬಿಟ್ಟುಕೊಟ್ಟ ಅನ್ನಾ ಅಮಾಲಿಯಾ

ಜರ್ಮನ್ ಸಾಹಿತ್ಯದ ಮಾತು ಬಂದರೆ ವೈಮಾರ್ ಊರಿನ ಹೆಸರು ಬರಲೇಬೇಕು. ಗಯಟೆ, ಶಿಲ್ಲರ್ ಇಬ್ಬರೂ ಬಾಳಿ ಬರೆದ ಊರದು. ಸುಮಾರು 6,000 ಜನರಿದ್ದ ಆ ಪುಟ್ಟ ಊರಿಗೆ ಇಂಥವರೆಲ್ಲ ಯಾಕೆ ಬಂದರು? ಇದು ತಿಳಿಯಬೇಕಾದರೆ ಗಯಟೆ ಬರುವುದಕ್ಕೂ ಹಿಂದಿನ ವರ್ಷಗಳನ್ನು ನೋಡಬೇಕು. ಆಗ ಅಲ್ಲಿ ಆಡಳಿತ ನಡೆಸುತ್ತಿದ್ದವರು ಡಚೆಸ್ ಅನ್ನಾ ಅಮಾಲಿಯಾ.

ಅವರು ಹುಟ್ಟಿದ್ದು 1739ರಲ್ಲಿ, ವೋಲ್ಫೆನ್‌ಬ್ಯುಟೆಲ್‌ನಲ್ಲಿ. ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್ ಅವರ ಸೋದರಮಾವ. ಹುಟ್ಟೂರಿನಲ್ಲಿ ಆಗಲೇ ದೊಡ್ಡ ಹೆಸರಿನ ಗ್ರಂಥಾಲಯವಿತ್ತು. 16ನೇ ವಯಸ್ಸಿಗೆ ಮದುವೆಯಾಗಿ ವೈಮಾರ್ ಸೇರಿದರು. 1758ರಲ್ಲಿ ಗಂಡ ತೀರಿಕೊಂಡಾಗ ಅವರಿಗಿನ್ನೂ 18 ವರ್ಷ. ಕೈಯಲ್ಲೊಂದು ಹಸುಗೂಸು, ಹೊಟ್ಟೆಯಲ್ಲಿ ಇನ್ನೊಂದು. ಮರುವರ್ಷ ಮಗನ ಪರವಾಗಿ ರಾಜ್ಯದ ಹೊಣೆ ಹೊತ್ತರು. ಹೊರಗೆ ಏಳು ವರ್ಷಗಳ ಯುದ್ಧ, ಒಳಗೆ ಹಣದ ಮುಗ್ಗಟ್ಟು.

ಅಂಥ ಹೊತ್ತಿನಲ್ಲೇ ಅವರು ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುತ್ತದೆ. ಹದಿನಾರನೇ ಶತಮಾನದ 'ಹಸಿರು ಅರಮನೆ'ಯನ್ನು ಗ್ರಂಥಾಲಯವಾಗಿ ಮಾರ್ಪಡಿಸಲು ಹೇಳಿದರು. 1766ರಲ್ಲಿ ರಾಜಮನೆತನದ ಪುಸ್ತಕಗಳು ಅಲ್ಲಿಗೆ ಬಂದವು. ಯುದ್ಧ ಆಗಷ್ಟೇ ಮುಗಿದಿತ್ತು ಅನ್ನೋದನ್ನು ಮರೆಯಬಾರದು.

1772ರಲ್ಲಿ ಮಕ್ಕಳ ಪಾಠಕ್ಕೆಂದು ಕವಿ ವೀಲಾಂಡ್‌ರನ್ನು ಕರೆಸಿದರು. ಊರಿಗೆ ಬರಹಗಾರರು ಬರಲು ದಾರಿಯಾದದ್ದು ಹೀಗೆ. 1775ರಲ್ಲಿ ಮಗ ಕಾರ್ಲ್ ಆಗಸ್ಟ್ ಪಟ್ಟಕ್ಕೆ ಬಂದ. ಅವನ ಕರೆಗೆ ಓಗೊಟ್ಟು ಅದೇ ವರ್ಷ ಗಯಟೆ ಬಂದರು, ಮರುವರ್ಷ ಚಿಂತಕ ಹೆರ್ಡರ್. ಗಯಟೆಯನ್ನು ಕರೆಸಿದ್ದು ಮಗ ನಿಜ. ಆದರೆ ಆ ಮಗನನ್ನು ಬೆಳೆಸಿದ್ದು ಯಾರು?

ಅಧಿಕಾರ ಬಿಟ್ಟ ಮೇಲೆ ತಾಯಿ ಸುಮ್ನೆ ಕೂರಲಿಲ್ಲ. ತಮ್ಮ ಮನೆಯಲ್ಲಿ ಬರಹಗಾರರನ್ನು, ಸಂಗೀತಗಾರರನ್ನು ಒಂದೇ ಮೇಜಿನ ಸುತ್ತ ಕೂರಿಸಿದರು. ಗಯಟೆ ಬರೆದ 'ಎರ್ವಿನ್ ಮತ್ತು ಎಲ್ಮೀರೆ' ಎಂಬ ಗೀತನಾಟಕಕ್ಕೆ 1776ರಲ್ಲಿ ತಾವೇ ಸಂಗೀತ ಹಾಕಿದರು. 1788ರಲ್ಲಿ ಇಟಲಿಗೆ ಹೊರಟು ಸುಮಾರು ಎರಡು ವರ್ಷ ಅಲ್ಲಿದ್ದರು. ಅವರನ್ನು ಬರೀ 'ಕಲಾಪೋಷಕಿ' ಅಂದರೆ ಸಾಲದು. ಅವರು ಆಳಿದವರು, ಸಂಗೀತ ರಚಿಸಿದವರು ಕೂಡ. 1807ರಲ್ಲಿ ತೀರಿಕೊಂಡರು.

ಗ್ರಂಥಾಲಯ ಉಳಿಯಿತು, ಬೆಳೆಯಿತು. 1797ರಿಂದ ಗಯಟೆಯೇ ಅದರ ಮೇಲ್ವಿಚಾರಣೆ ನೋಡಿಕೊಂಡರು. 1991ರಲ್ಲಿ ಅದಕ್ಕೆ ಅನ್ನಾ ಅಮಾಲಿಯಾ ಅವರ ಹೆಸರಿಟ್ಟರು. 2004ರ ಸೆಪ್ಟೆಂಬರ್ 2ರ ರಾತ್ರಿ ಅಲ್ಲಿ ಬೆಂಕಿ ಬಿತ್ತು. ಸುಮಾರು 50,000 ಪುಸ್ತಕಗಳು ಸುಟ್ಟುಹೋದವು. ಇನ್ನೂ 62,000 ಪುಸ್ತಕಗಳು ಬೆಂಕಿ, ನೀರಿಗೆ ಸಿಕ್ಕಿ ಹಾಳಾದವು. ಹೊಟ್ಟೆ ಉರಿಯುವ ಸಂಗತಿ ಅಂದರೆ, ಕೆಲವೇ ವಾರಗಳಲ್ಲಿ ಆ ಪುಸ್ತಕಗಳು ಹೊಸ ಕಟ್ಟಡಕ್ಕೆ ಹೋಗಬೇಕಿತ್ತು. ಡಚೆಸ್ ಅವರೇ ಕೂಡಿಸಿಟ್ಟಿದ್ದ ಸಂಗೀತದ ಹಸ್ತಪ್ರತಿಗಳಲ್ಲೂ ಬಹಳಷ್ಟು ಹೋದವು. ಆದರೆ ಧರ್ಮ ಸುಧಾರಕ ಲೂಥರ್ ಜರ್ಮನ್‌ಗೆ ಅನುವಾದಿಸಿದ 1534ರ ಬೈಬಲ್ ಕೈತಪ್ಪಲಿಲ್ಲ. ಗ್ರಂಥಾಲಯದ ನಿರ್ದೇಶಕ ಮಿಖಾಯೆಲ್ ಕ್ನೋಖೆ ಅದನ್ನು ಹೊರಗೆ ತಂದರು.

ಕಟ್ಟಡ ಮತ್ತೆ ತೆರೆದದ್ದು 2007ರ ಅಕ್ಟೋಬರ್ 24ರಂದು, ಅನ್ನಾ ಅಮಾಲಿಯಾ ಹುಟ್ಟಿದ ದಿನ. ಅಂಚು ಸುಟ್ಟ ಹಾಳೆಗಳನ್ನು ಒಂದೊಂದಾಗಿ ತೊಳೆದು, ಹೊಸ ಕಾಗದ ಕೂಡಿಸಿ ಗಟ್ಟಿ ಮಾಡಲು ವೈಮಾರ್ ಬಳಿಯೇ ಪ್ರತ್ಯೇಕ ಕಾರ್ಯಾಗಾರ ತೆರೆದರು.