ಕೊಂಬು ಸೊಟ್ಟಗಿದ್ದರೆ ಕಾಲು ನೋಡಿ

ಚಿಕ್ಕಮಗಳೂರಿನ ಮುತ್ತೋಡಿ ಕಡೆಯ ಕಾಫಿ ತೋಟದ ರೈಟರ್ (ಲೆಕ್ಕ ಬರೆಯುವ ಗುಮಾಸ್ತರು) ಒಬ್ಬರು ನಾಯಿಗೆ ಇಂಜೆಕ್ಷನ್ ಹಾಕಿಸಲು ಬಂದಿದ್ದರು. ನಾಯಿ ಬರೀ ನೆಪ, ತೋರಿಸಬೇಕಿದ್ದದ್ದು ಮೊಬೈಲಿನ ಫೋಟೊ. ಕೆರೆ ಪಕ್ಕ ನಿಂತ ಗಂಡು ಜಿಂಕೆ. ಬಲಗೊಂಬು ಮೂರು ಕವಲಾಗಿ ಚೆನ್ನಾಗಿ ಎದ್ದಿದೆ. ಎಡಗೊಂಬು ಮಾತ್ರ ಗೇಣುದ್ದವೂ ಇಲ್ಲ, ಕಿವಿ ಮೇಲೆ ಬಾಗಿ ಕೆಳಗಿಳಿದಿದೆ.

“ಕಾಫಿಗೆ ಹೊಡೆಯೋ ಔಷಧಿಯಿಂದ ಹಿಂಗಾಗಿದೆಯಾ ಡಾಕ್ಟ್ರೇ?”

“ಹಿಂಗಾಲು ಕಾಣೋ ಫೋಟೊ ಇದೆಯಾ?” ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

ನಮ್ಮ ಅಮೃತಮಹಲ್ ಎತ್ತಿನ ಕೊಂಬು ಬದುಕಿರುವಷ್ಟು ದಿನ ಅದೇ. ಒಳಗೆ ಮೂಳೆ, ಮೇಲೆ ಉಗುರಿನಂಥ ಚಿಪ್ಪು. ಜಿಂಕೆ, ಕಡವೆಗಳದ್ದು ಹಾಗಲ್ಲ, ಪೂರ್ತಿ ಮೂಳೆ. ಅದು ಉದುರುತ್ತದೆ, ತಲೆಬುರುಡೆಯ ಮೇಲಿನ ಮೋಟಿನಿಂದ ಹೊಸದು ಬರುತ್ತದೆ. ಬೆಳೆಯುವಾಗ ಮೇಲೆ ಮಖಮಲ್ಲಿನಂಥ ಚರ್ಮ, ತುಂಬಾ ರಕ್ತ ಸಂಚಾರ. ಬಾವಿಗೆ ಬಿದ್ದಿದ್ದ ಒಂದು ಜಿಂಕೆಯದನ್ನು ಮುಟ್ಟಿ ನೋಡಿದ್ದೆ, ಜ್ವರ ಬಂದ ಮಗುವಿನ ಹಣೆಯ ಹಾಗೆ ಬೆಚ್ಚಗಿತ್ತು. ಗಂಡು ಹಾರ್ಮೋನು ಏರಿದಾಗ ಆ ಚರ್ಮ ಒಣಗುತ್ತದೆ, ಪ್ರಾಣಿ ಮರಕ್ಕೆ ಉಜ್ಜಿ ತೆಗೆಯುತ್ತದೆ. ಹಾರ್ಮೋನು ಇಳಿದರೆ ಕೊಂಬು ಕಳಚುತ್ತದೆ. (ಬಿದ್ದದ್ದು ಸಿಕ್ಕಿತು ಅಂತ ಮನೆಗೆ ತರಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದೂ ಅಪರಾಧ. ಕಾಡಲ್ಲೇ ಇದ್ದರೆ ಮುಳ್ಳುಹಂದಿಗಾದರೂ ಕಡಿಯಲು ಸಿಗುತ್ತದೆ.)

ಮಖಮಲ್ಲು ಇರುವಾಗ ಪೆಟ್ಟು ಬಿದ್ದರೆ ಕೊಂಬು ಸೊಟ್ಟಗಾಗುತ್ತದೆ, ಆದರೆ ಮುಂದಿನ ಸಲ ಸರಿಯಾಗಿಯೇ ಬರಬಹುದು. ಬುಡದ ಮೋಟಿಗೇ ಏಟಾದರೆ ಪ್ರತಿ ಸಲವೂ ಅದೇ ಅವತಾರ. ವೃಷಣಕ್ಕೆ ಪೆಟ್ಟಾಗಿ ಹಾರ್ಮೋನು ನಿಂತರಂತೂ ಮಖಮಲ್ಲು ಉದುರುವುದೇ ಇಲ್ಲ, ಹೂಕೋಸಿನ ಹಾಗೆ ಗಂಟು ಗಂಟಾಗಿ ಬೆಳೆಯುತ್ತಾ ಹೋಗುತ್ತದೆ. ಮೇವು ಸಾಲದಿದ್ದರೆ, ಕಾಯಿಲೆಯಾದರೆ, ವಯಸ್ಸಾದರೆ ಸಾಮಾನ್ಯವಾಗಿ ಎರಡೂ ಕೊಂಬು ಸೊರಗುತ್ತವೆ. ಔಷಧಿ ಮೈಗೆ ಸೇರಿದ್ದರೂ ಒಂದೇ ಕೊಂಬು ಯಾಕೆ ಕೆಡಬೇಕು, ಅಲ್ವಾ? ಒಂದೇ ಬದಿ ಕೆಟ್ಟಿದ್ದರೆ ನನಗೆ ಮೊದಲು ಅನುಮಾನ ಗಾಯದ ಮೇಲೆ.

ಆ ಗಾಯ ತಲೆಯಲ್ಲೇ ಇರಬೇಕೆಂದಿಲ್ಲ, ಮಜಾ ಇರುವುದೇ ಇಲ್ಲಿ. ಬಲ ಹಿಂಗಾಲು ಮುರಿದರೆ ಎಷ್ಟೋ ಸಲ ಕೆಡುವುದು ಎಡಗೊಂಬು. ಎಡ ಹಿಂಗಾಲು ಹೋದರೆ ಬಲಗೊಂಬು. ಕಾಲೇಜಿನಲ್ಲಿ ಮೊದಲು ಕೇಳಿದಾಗ ಮೇಷ್ಟ್ರು ಸುಮ್ನೆ ತಮಾಷೆ ಮಾಡ್ತಿದ್ದಾರೆ ಅಂದುಕೊಂಡಿದ್ದೆ.

ಎರಡು ದಿನ ಬಿಟ್ಟು ರೈಟರ್ ವಿಡಿಯೊ ಕಳಿಸಿದರು. ಜಿಂಕೆ ಬಲ ಹಿಂಗಾಲನ್ನು ಪೂರ್ತಿ ಊರುತ್ತಿಲ್ಲ. ಗೊರಸಿನ ಮೇಲ್ಗಡೆ ಬಳೆ ಹಾಕಿದ ಹಾಗೆ ಕೂದಲಿಲ್ಲದ ಗೆರೆ. ವಿಡಿಯೊ ನೋಡಿ ಹೇಳುವುದು ಅಂದಾಜೇ ಹೊರತು ತೀರ್ಮಾನವಲ್ಲ. ಆದರೂ ಅಂಥ ಗೆರೆಯನ್ನು ತೋಟದ ನಾಯಿಗಳ ಕಾಲಲ್ಲಿ ಬೇಕಾದಷ್ಟು ನೋಡಿದ್ದೇನೆ. ಹಂದಿಗೆ ಅಂತ ಇಡುವ ಉರುಳಿನದು. “ಬೇಲಿ ಸುತ್ತ ಒಂದು ಸಲ ಹುಡುಕಿಸಿ, ಸಿಕ್ಕಿದರೆ ಫಾರೆಸ್ಟ್‌ನವರಿಗೆ ತಿಳಿಸಿ” ಅಂದೆ.

ಸಂಜೆ ಫೋನ್ ಬಂತು. ಬೈಕಿನ ಕ್ಲಚ್ ವೈರಿನ ಉರುಳು, ಎರಡು ಸಿಕ್ಕಿದ್ದವು.