ಎಂಟಿಂಚು ನೀರಿನ ಲೆಕ್ಕ

"ಸಾರ್, ಆರುನೂರು ಲೀಟರಿನ ಅಕ್ವೇರಿಯಂ. ಅಂದ್ರೆ ಆರುನೂರು ಕೆಜಿ. ಸೋಫಾ ಮೇಲೆ ಹತ್ತು ಜನ ಕೂತ ಹಾಗೆ, ಅಷ್ಟೇ ತಾನೆ?"

ಮೈಸೂರಿನಿಂದ ಬಂದ ಫೋನ್. ಮೊದಲ ಮಹಡಿಯ ಹಾಲ್‌ ನಟ್ಟನಡುವೆ, ಊಟದ ಜಾಗಕ್ಕೆ ಮರೆಯಾಗುವಂತೆ ತೊಟ್ಟಿ ನಿಲ್ಲಿಸಬೇಕಂತೆ. ಅರೋವಾನಾ ಮೀನಿಗೆ ಮುಂಗಡವನ್ನೂ ಕೊಟ್ಟಾಗಿದೆ. ಕಟ್ಟಡ ವಿನ್ಯಾಸದ ಎಂಜಿನಿಯರನಾದ ನನಗೆ ಇಂಥ ಫೋನ್ ಬರುವುದು ಸಾಮಾನ್ಯವಾಗಿ ಮುಂಗಡ ಕೊಟ್ಟ ಮೇಲೆಯೇ.

ತೊಟ್ಟಿಯ ಒಳಅಳತೆ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಒಟ್ಟು 24 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರಿನಂತೆ ಸುಮಾರು 680 ಲೀಟರ್. ಅಂಚಿನವರೆಗೆ ಯಾರೂ ತುಂಬುವುದಿಲ್ಲ, ಎರಡಿಂಚು ಬಿಟ್ಟರೆ 620. ಅಲ್ಲಿಗೆ ಅವರ ಮಾತು ಸರಿ. ಆದರೆ 12 ಮಿಮೀ ಗಾಜು ಚದರ ಮೀಟರಿಗೆ 30 ಕೆಜಿ ತೂಗುತ್ತದೆ. ತಳ ಮತ್ತು ನಾಲ್ಕು ಬದಿ ಸೇರಿ 44 ಚದರ ಅಡಿ, ಅದೇ 120 ಕೆಜಿ ದಾಟಿತು. ತಳಕ್ಕೆ ಮೂರಿಂಚು ಜಲ್ಲಿ. ಅದರ ಒಣತೂಕ 130 ಕೆಜಿ ಆಸುಪಾಸು, ಆದರೆ ಕಲ್ಲು ಕೂತಷ್ಟು ಜಾಗದಲ್ಲಿ ನೀರಿಲ್ಲವಲ್ಲ, ಹಾಗಾಗಿ ಸುಮಾರು 50 ಕಳೆದು 80 ಕೂಡಬೇಕು. ಕಬ್ಬಿಣ, ಪ್ಲೈವುಡ್ಡಿನ ಸ್ಟ್ಯಾಂಡ್ ಇನ್ನೊಂದು 80. "ಸ್ಟ್ಯಾಂಡಿನೊಳಗೆ ನೀರು ಸೋಸುವ ಸಂಪ್ ಇದೆಯಾ?" ಅಂದೆ. "ಓ, ಅದೊಂದು ನೂರು ಲೀಟರ್" ಅಂದರು. ಆರುನೂರು ಕೆಜಿ ಸಾವಿರವಾಗಿತ್ತು.

ಈ ಒಂದು ಟನ್ ನಿಲ್ಲುವುದು 12 ಚದರ ಅಡಿ ಜಾಗದ ಮೇಲೆ, ಅಂದರೆ ಚದರ ಮೀಟರಿಗೆ 900 ಕೆಜಿ. ಕಟ್ಟಡ ಎಷ್ಟು ಭಾರಕ್ಕೆ ಸಿದ್ಧವಿರಬೇಕು ಎಂದು ಹೇಳುವ ನಮ್ಮ ಐಎಸ್ 875 ಸಂಹಿತೆಯ ಪ್ರಕಾರ ವಾಸದ ಕೋಣೆಗಳ ನೆಲಕ್ಕೆ ಜನ, ಸಾಮಾನು ಎಲ್ಲ ಸೇರಿ ಹಿಡಿಯುವ ಭಾರ ಚದರ ಮೀಟರಿಗೆ 200 ಕೆಜಿ. ನೆನಪಿಡಲು ಸುಲಭದ ಲೆಕ್ಕ: ಎಂಟಿಂಚು ನೀರು ನಿಂತರೆ ಆ 200 ಮುಗಿಯಿತು. ಎರಡಡಿ ತೊಟ್ಟಿಯಲ್ಲಿ ಅಂಥ ಎಂಟಿಂಚು ಮೂರಿವೆ.

ಹಾಗಂತ ಮೋಲ್ಡ್, ಅಂದರೆ ಮಹಡಿಯ ಕಾಂಕ್ರೀಟು ಹಾಸು, ಕುಸಿದೇ ಬೀಳುತ್ತದೆ ಅನ್ನುವವನಲ್ಲ ನಾನು. 12ಕ್ಕೆ 15 ಅಡಿಯ ಹಾಲ್‌ಗೆ ಒಟ್ಟು ಮೂರು ಟನ್ನಿಗೂ ಹೆಚ್ಚು ಭಾರ ಹಿಡಿದಿರುತ್ತಾರೆ, ಅದರ ಮೇಲೆ ಸುರಕ್ಷತೆಗೆಂದು ಒಂದೂವರೆ ಪಟ್ಟು ಬೇರೆ. ನನಗೆ ಚಿಂತೆ ಅದು ಎಲ್ಲಿ, ಎಷ್ಟು ಕಾಲ ನಿಲ್ಲುತ್ತದೆ ಅನ್ನುವುದರದು. ಸತ್ಯನಾರಾಯಣ ಪೂಜೆಗೆ ಬಂದ ನಲವತ್ತು ಜನ ಪ್ರಸಾದ ತಿಂದು ಎದ್ದು ಹೋಗುತ್ತಾರೆ, ಮೋಲ್ಡ್ ಬಾಗಿದ್ದರೂ ಮೇಲೆ ಬರುತ್ತದೆ. ತೊಟ್ಟಿ ಏಳುವುದಿಲ್ಲ. ಸದಾ ಹೇರಿದ ಭಾರಕ್ಕೆ ಕಾಂಕ್ರೀಟು ವರ್ಷಗಟ್ಟಲೆ ನಿಧಾನವಾಗಿ ಬಾಗುತ್ತಲೇ ಇರುತ್ತದೆ, ಮೊದಲ ದಿನ ಬಾಗಿದ್ದರ ಎರಡು ಪಟ್ಟಿಗೂ ಹೋಗಬಹುದು. ಮೊದಲು ಕೆಳಗಿನ ಮನೆಯವರ ಸೀಲಿಂಗಿನಲ್ಲಿ ಕೂದಲೆಳೆ ಬಿರುಕು, ಆಮೇಲೆ ಜಗಳ.

"ತಾರಸಿ ಮೇಲೆ ಸಾವಿರ ಲೀಟರ್ ಸಿಂಟೆಕ್ಸ್ ಇಲ್ವಾ ಸಾರ್?" ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ಕೇಳಬೇಕಾದ್ದೇ. ಸರಿಯಾಗಿ ಕಟ್ಟಿದ ಮನೆಯಲ್ಲಿ ಅದು ಮೆಟ್ಟಿಲ ಕೋಣೆಯ ನೆತ್ತಿಯ ಮೇಲೋ ಬೀಮಿನ ಮೇಲೋ ಇರುತ್ತದೆ, ಕೆಳಗೆ ಗೋಡೆ, ಕಂಬ ಹತ್ತಿರದಲ್ಲೇ ಇರುತ್ತವೆ. ತೊಟ್ಟಿಗೂ ಅಂಥದೇ ಜಾಗ ಬೇಕು: ಉದ್ದಕ್ಕೂ ಬೀಮಿಗೆ ಒತ್ತಿಕೊಂಡು, ಸಾಧ್ಯವಾದರೆ ಕಂಬದ ಮಗ್ಗುಲಲ್ಲಿ. ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ತಲೆಯ ಮೇಲಿನ ಬೀಮುಗಳನ್ನು ನೋಡಿ, ಕಾಲ ಕೆಳಗೂ ಸಾಮಾನ್ಯವಾಗಿ ಅದೇ ಸಾಲು. ಸ್ವಂತ ಮನೆಯಾದರೆ ಕೆಳಗಿಳಿದೇ ನೋಡಬೇಕು. ಗೋಡೆ ಇದ್ದಲ್ಲೆಲ್ಲ ಬೀಮ್ ಇದೆ ಅಂದುಕೊಳ್ಳಬೇಡಿ, ನಾಲ್ಕೂವರೆ ಇಂಚಿನ ಗೋಡೆಗಳು ಎಷ್ಟೋ ಕಡೆ ಬರೀ ಮೋಲ್ಡ್ ಮೇಲೆ ನಿಂತಿರುತ್ತವೆ. ಹೊರಚಾಚಿದ ಬಾಲ್ಕನಿಗಂತೂ ನನ್ನ ಉತ್ತರ ಬೇಡ ಅಂತಲೇ. ಹಳೇ ಮನೆಗಳ ಕಲ್ಲುಚಪ್ಪಡಿಗೂ ಅದೇ ಉತ್ತರ: ಕಾಂಕ್ರೀಟು ಬಾಗಿ ಎಚ್ಚರಿಸುತ್ತದೆ, ಕಲ್ಲು ಮುನ್ಸೂಚನೆಯಿಲ್ಲದೆ ಮುರಿಯುತ್ತದೆ.

ನೆಲಮಹಡಿಯಾದರೆ ಯೋಚನೆಯೇ ಬೇಡ ಅನ್ನುತ್ತಿದ್ದೆ ಒಂದು ಕಾಲದಲ್ಲಿ. ಒಬ್ಬರಿಗೆ ಹಾಗೆ ಹೇಳಿಯೂಬಿಟ್ಟೆ. ಅವರ ಮನೆಯ ಪಾಯದೊಳಗೆ ಸುರಿದ ಮಣ್ಣನ್ನು ಸರಿಯಾಗಿ ದಮ್ಮಸ್ಸು ಮಾಡಿರಲಿಲ್ಲ. ಎರಡನೇ ಮಳೆಗಾಲಕ್ಕೆ ತೊಟ್ಟಿಯ ಎಡತುದಿಯಲ್ಲಿ ನೀರು ಅಂಚಿಗೆ ಒಂದು ಬೆರಳಷ್ಟು ಹತ್ತಿರ ಬಂದಿತ್ತು. ನೀರಿಗಿಂತ ಒಳ್ಳೆಯ ರಸಮಟ್ಟ ಬೇಕೆ? ಗಾಜು ಸೊಟ್ಟ ನಿಂತು ತಿರುಚಿಕೊಂಡರೆ ಸಿಲಿಕೋನ್ ಅಂಟಿನ ಬೆಸುಗೆ ಬಿಡುತ್ತದೆ. ಒಂದು ರಾತ್ರಿ ಬಿಟ್ಟಿತು. ಈಗ ನೆಲಮಹಡಿಯಲ್ಲೂ ಟೈಲನ್ನು ಬೆರಳಗೆಣ್ಣಿನಿಂದ ಕುಟ್ಟಿ ನೋಡದೆ ಹೂಂ ಅನ್ನುವುದಿಲ್ಲ. ಟೊಳ್ಳು ಸದ್ದು ಬಂದ ಟೈಲಿನ ಮೇಲೆ ನಾಲ್ಕು ಕಾಲಿನ ಸ್ಟ್ಯಾಂಡ್ ಇಟ್ಟರೆ ಒಂದೊಂದು ಕಾಲಿಗೆ ಕಾಲು ಟನ್. ಸುತ್ತ ಚೌಕಟ್ಟು ಕೊಟ್ಟು ಭಾರ ಹಂಚುವುದೇ ಮೇಲು.

ಮೈಸೂರಿನವರ ತೊಟ್ಟಿ ಕೊನೆಗೆ ಕೆಳಗೆ ಬೀಮಿದ್ದ ಹೊರಗೋಡೆಯ ಪಕ್ಕಕ್ಕೆ ಹೋಯಿತು, ಅಲ್ಲಿದ್ದ ಟಿವಿ ಎದುರು ಗೋಡೆಗೆ. ಮನೆಯಾಕೆಗೆ ಇದು ಇಷ್ಟವಾಗಲಿಲ್ಲ, ಕಿಟಕಿಯ ಬೆಳಕು ಪರದೆಗೆ ಹೊಡೆಯುತ್ತದೆ. ತುಂಬುವ ಮುಂಚೆ ಕೆಳಗಿನ ಕೋಣೆಯಲ್ಲಿ ಒಂದು ಅಲ್ಯೂಮಿನಿಯಂ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ತುದಿಗೂ ಸೀಲಿಂಗಿಗೂ ನಡುವೆ ನಾಲ್ಕು ವಿಸಿಟಿಂಗ್ ಕಾರ್ಡು ಸಲೀಸಾಗಿ ತೂರುವಷ್ಟು ಸಂದು ಬಿಟ್ಟೆ. ಮೂರು ದಿನ, ದಿನಕ್ಕೆ ಮೂರನೇ ಒಂದು ಪಾಲು ನೀರು. ಮೊದಲೆರಡು ದಿನ ನಾಲ್ಕೂ ಕಾರ್ಡು ಹೋದವು. ಮೂರನೇ ಸಂಜೆ ನಾಲ್ಕನೆಯದು ಸಿಕ್ಕಿಕೊಂಡಿತು, ಮೂರು ಆರಾಮಾಗಿ ಜಾರಿದವು. ವಾರ ಬಿಟ್ಟು ಹೋಗಿ ನೋಡಿದೆ, ಮೂರೇ. ಮೀನು ತರಲು ಹೇಳಿದೆ.